ಮನೆ ಬಿಡುವಾಗ ಹೇಳುವ ಮಾತು

ಮುನಿವೆಂಕಟಪ್ಪನವರನ್ನು ನಾನು ಮೊದಲ ದಿನವೇ ಕುರ್ಚಿಯ ಲೆಕ್ಕಕ್ಕೆ ಸೇರಿಸಿಬಿಟ್ಟೆ. ಅದು ನನ್ನ ತಪ್ಪು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹನ್ನೊಂದು ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿ ಜಪಾನಿನವರಿಗೂ ನಮ್ಮವರಿಗೂ ನಡುವೆ ನಿಂತು ತರ್ಜುಮೆ ಮಾಡಿದವಳು ನಾನು. ಯಾರಿಗೆ ಎಷ್ಟು ಅರ್ಥವಾಗಿದೆ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲೆ ಎಂಬ ಧಿಮಾಕು ನನಗಿತ್ತು.

ಈಗ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಜಪಾನಿ ಭಾಷೆ ಹೇಳಿಕೊಡುತ್ತೇನೆ. ಪ್ರಿಯಂವದಾ ಮೇಡಂ ಎಂದರೆ ಕೆಳಗಿನ ಅಂಗಡಿಯವರು ಮೆಟ್ಟಿಲು ತೋರಿಸುತ್ತಾರೆ. ಬರುವವರು ಹೆಚ್ಚಾಗಿ ನರ್ಸಿಂಗ್ ಮುಗಿಸಿದ ಹುಡುಗಿಯರು, ಐಟಿಐ ಓದಿದ ಹುಡುಗರು. ಪವಿತ್ರ ಮಾತ್ರ ಒಬ್ಬಳೇ ಬರುತ್ತಿದ್ದಳು, ಸೋಮವಾರ ಮತ್ತು ಗುರುವಾರ, ಬೆಳಗ್ಗೆ ಹನ್ನೊಂದಕ್ಕೆ. ಅವಳನ್ನು ಸೇರಿಸಲು ಬಂದಿದ್ದ ಗಂಡ ಮುರಳಿಮೋಹನ್ ಎರಡು ಷರತ್ತು ಹಾಕಿದ್ದ. ಅವಳ ಕ್ಲಾಸಿನಲ್ಲಿ ಗಂಡಸರು ಯಾರೂ ಇರಬಾರದು. ಅವನ ಅಪ್ಪ ಮುನಿವೆಂಕಟಪ್ಪನವರು ಜೊತೆಗೆ ಬಂದು ಕೋಣೆಯೊಳಗೇ ಕೂರುತ್ತಾರೆ, ಅದಕ್ಕೆ ನಾನು ಬೇಡ ಅನ್ನಬಾರದು.

"ಜಪಾನಿ ಬಂದ್ರೆ ಮನೇಲಿ ಕೂತ್ಕೊಂಡೇ ಕಂಪ್ಯೂಟರಲ್ಲಿ ಸಂಪಾದಿಸಬೋದಂತಲ್ಲ ಮೇಡಂ," ಎಂದ. "ಇವ್ಳು ಆಸ್ಪತ್ರೆ ಗೀಸ್ಪತ್ರೆ ಅಂತ ಹೊರಗೆ ಹೋಗೋದು ನಂಗಾಗಲ್ಲ."

ಸಂಬಳ ಬರಬೇಕು, ಹೆಂಡತಿ ಹೊಸ್ತಿಲು ದಾಟಬಾರದು. ನನಗೆ ಆಗಲೇ ಮೈಯುರಿಯಿತು. ಆದರೆ ಫೀಸು ಕೊಡಲು ಬಂದವನನ್ನು ಮೆಟ್ಟಿಲಿಳಿಸಿ ಕಳಿಸುವಷ್ಟು ಅನುಕೂಲಸ್ಥೆ ನಾನಲ್ಲ, ಸುಮ್ಮನೆ ರಸೀದಿ ಬರೆದುಕೊಟ್ಟೆ.

ಶಿಡ್ಲಘಟ್ಟದಾಚೆ ಅವರ ಹಳ್ಳಿ. ಹಿಪ್ಪುನೇರಳೆ ತೋಟ, ತೋಟದ ನಡುವೆ ರೇಷ್ಮೆ ಸಾಕುವ ಹುಳು ಮನೆ, ಸ್ವಲ್ಪ ದೂರದಲ್ಲಿ ವಾಸದ ಮನೆ. ಮುದುಕರು ಸೊಸೆಯನ್ನು ಟಿವಿಎಸ್ಸಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದರು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಟವಲನ್ನು ತೊಡೆಯ ಮೇಲೆ ಹಾಸಿಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು. ಅವರ ಬಟ್ಟೆಯಿಂದ ಹುಳು ಮನೆಗೆ ಬಳಿಯುವ ಸುಣ್ಣದ ವಾಸನೆ ಬರುತ್ತಿತ್ತು. ಪಾಠ ಮುಗಿದಾಗ ತೆಲುಗಿನಲ್ಲಿ "ಪದಮ್ಮಾ", ಅಂದರೆ ನಡಿಯಮ್ಮ, ಎಂದು ಸೊಸೆಯನ್ನು ಎಬ್ಬಿಸಿಕೊಂಡು ಹೋಗುವುದು ಬಿಟ್ಟರೆ ನಾಲ್ಕು ತಿಂಗಳು ಅವರ ಬಾಯಿಂದ ನಾನು ಬೇರೆ ಮಾತೇ ಕೇಳಿರಲಿಲ್ಲ.

ಪವಿತ್ರ ಚುರುಕು. ನರ್ಸಿಂಗ್ ಓದಿದ್ದಳು, ಹೇಳಿದ್ದನ್ನು ಎರಡನೇ ಸಲ ಕೇಳುತ್ತಿರಲಿಲ್ಲ. ಬಲಗೈಯ ಎರಡು ಬೆರಳು ಸೊಟ್ಟಗಿದ್ದುದರಿಂದ ಬರೆಯುವುದಕ್ಕೆ ಎಡಗೈ. ಹುಟ್ಟಿನಿಂದ ಹಾಗೆಯೇ ಇರಬೇಕು ಎಂದುಕೊಂಡು ನಾನು ಕೇಳಲೂ ಹೋಗಲಿಲ್ಲ. ಮುಖ ನೋಡಿ ಎಲ್ಲ ತಿಳಿಯುವವಳ ಯೋಗ್ಯತೆ ಇಷ್ಟು.

ಆ ಸೋಮವಾರದ ಪಾಠ ಹಿಕ್ಕೋಶಿ. ಹಿಕ್ಕೋಶಿ ಎಂದರೆ ಮನೆ ಖಾಲಿ ಮಾಡಿ ಬೇರೆ ಕಡೆ ಹೋಗುವುದು. ಈ ಪಾಠಕ್ಕೆ ನಾನು ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳುತ್ತೇನೆ. ಹುಡುಗರು ಬಾಯಿಗೆ ಬಂದದ್ದು ಹೇಳಿ ನಗುತ್ತಾರೆ. ಪವಿತ್ರ ಬೋರ್ಡಿನ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ನಾವು ಆಡಿದ ಜಪಾನಿಯನ್ನು ಇಲ್ಲಿ ಪುಸ್ತಕದ ಕನ್ನಡದಲ್ಲಿ ಬರೆಯುತ್ತೇನೆ.

"ನೀವು ಯಾವಾಗ ಮನೆ ಬಿಡುತ್ತೀರಿ?" ಎಂದು ಕೇಳಿದೆ.

"ಹುಳುಗಳು ಊಟ ಬಿಡುವ ದಿನ."

ಇದೇನು ಉತ್ತರ ಎಂದುಕೊಂಡೆ. "ಯಾರ ಜೊತೆ?"

"ಒಬ್ಬಳೇ."

"ಸಾಮಾನು ಎಷ್ಟಿದೆ?"

"ಸಾಮಾನು ಇಲ್ಲ. ಉಟ್ಟ ಬಟ್ಟೆ ಮಾತ್ರ."

"ನಿಮ್ಮ ನೆರವಿಗೆ ಯಾರು ಬರುತ್ತಾರೆ?"

ಅವಳ ತುಟಿ ಒಣಗಿತ್ತು. "ಮೇಡಂ, ನೀವು," ಎಂದಳು. "ನೀವು ಬರದಿದ್ದರೆ ನಾನು ಸಾಯುತ್ತೇನೆ."

ಸಾಯುವುದು ಎಂಬ ಕ್ರಿಯಾಪದವನ್ನು ನಾನೇ ಅವಳಿಗೆ ಹಿಂದಿನ ವಾರ ಕಲಿಸಿದ್ದೆ, ಮೀನು ಸತ್ತಿತು ಎಂಬ ವಾಕ್ಯದಲ್ಲಿ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎರಡಾಯಿತು. ಮೂಲೆಯ ಕಡೆ ನೋಡಿದೆ. ಮುದುಕರ ಗಲ್ಲ ಎದೆಗೆ ತಾಗಿತ್ತು. ನಾನು ದೊಡ್ಡ ದನಿಯಲ್ಲಿ ಕನ್ನಡದಲ್ಲಿ "ವೆರಿ ಗುಡ್, ಉಚ್ಚಾರಣೆ ಸರಿಯಾಗಿದೆ" ಎಂದೆ. ಬೋರ್ಡು ಒರೆಸಿದೆ.

ಮುಂದಿನ ಎರಡು ಪಾಠಗಳಲ್ಲಿ, ಮುದುಕರ ಎದುರಿಗೇ, ಅವಳಿಗಿದ್ದ ಹರಕು ಮುರುಕು ಜಪಾನಿಯಲ್ಲೇ ಎಲ್ಲ ಹೊರಬಂತು. ಬೆರಳು ಹುಟ್ಟಿನಿಂದ ಸೊಟ್ಟಗಿದ್ದದ್ದಲ್ಲ, ಗಂಡ ಬಾಗಿಲ ಸಂದಿಗೆ ಸಿಕ್ಕಿಸಿದ್ದು. ಒಮ್ಮೆ ಚಿಂತಾಮಣಿಯ ಅಣ್ಣನ ಮನೆಗೆ ಓಡಿಹೋಗಿದ್ದಳು. ಅಣ್ಣ ಊಟ ಹಾಕಿಸಿ, ಸಂಜೆಗೆ ತನ್ನ ಕಾರಿನಲ್ಲೇ ವಾಪಸ್ ತಂದು ಬಿಟ್ಟ. ಠಾಣೆಗೂ ಒಮ್ಮೆ ಹೋಗಿದ್ದಳು. ಅಲ್ಲಿ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಕಳಿಸಿದರು. ಅದಾದ ಮೇಲೆ ಗಂಡ ಹೊಡೆಯುವುದನ್ನು ನಿಲ್ಲಿಸಿದ್ದ. ಬದಲಿಗೆ ಸಂಜೆ ಹೊತ್ತು ಅವಳನ್ನು ತೋಟದ ಕೃಷಿ ಹೊಂಡದ ಬಳಿಗೆ ಕರೆದೊಯ್ದು ಅಂಚಿನಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ.

ಕೃಷಿ ಹೊಂಡ ನಮ್ಮ ಕಡೆಯವರಿಗೆ ಗೊತ್ತು. ನೀರು ಇಂಗದಿರಲೆಂದು ತಳಕ್ಕೂ ಬದಿಗೂ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಬಿದ್ದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಹತ್ತಿದಷ್ಟೂ ಜಾರುತ್ತದೆ. ಕಾಲು ಜಾರಿ ಬಿದ್ದಳು ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

"ಮೇಡಂ, ಬಾಗಿಲನ್ನು ಮುಂದಕ್ಕೆ ದೂಡುವುದಕ್ಕೆ ಜಪಾನಿಯಲ್ಲಿ ಏನು ಹೇಳುತ್ತಾರೆ?" ಎಂದು ಕೇಳಿದಳು.

"ಒಸು," ಎಂದೆ.

"ಗಂಡ ಹೊಂಡದಲ್ಲಿ ನನ್ನನ್ನು ಒಸು," ಎಂದಳು. "ಈ ಬೆಳೆ ಮುಗಿದ ಮೇಲೆ. ಹಾಗೆಂದು ಹೇಳಿದ್ದಾನೆ."

ಆ ವಾಕ್ಯದಲ್ಲಿ ತಿದ್ದುವುದು ಬೇಕಾದಷ್ಟಿತ್ತು. ನಾನು ತಿದ್ದಲಿಲ್ಲ. ನಿಜ ಹೇಳುತ್ತೇನೆ, ನನಗೆ ಮೊದಲು ಅನ್ನಿಸಿದ್ದು ಇವಳು ಬೇರೆ ಯಾರನ್ನಾದರೂ ಹಿಡಿಯಬಾರದಿತ್ತೇ ಎಂದು. ನಾನು ಒಂಟಿ ಹೆಂಗಸು, ಈ ಊರಿನಲ್ಲಿ ಕ್ಲಾಸು ನಡೆಸಿ ಬದುಕಬೇಕಾದವಳು. ಅವನು ಬಂದು ಈ ಮೆಟ್ಟಿಲ ಮೇಲಿಂದ ನನ್ನನ್ನು ದೂಡಿದರೂ ಕಾಲು ಜಾರಿತು ಎಂದೇ ಆಗುತ್ತದೆ. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು. ಆ ಕೋಪದಲ್ಲೇ ಹಳೆಯ ಕಾರನ್ನು ಗ್ಯಾರೇಜಿಗೆ ಒಯ್ದು ಬ್ರೇಕು, ಟೈರು ಎಲ್ಲ ನೋಡಿಸಿದೆ.

ಯೋಜನೆ ಪೂರ್ತಿ ಅವಳದೇ. ಹುಳುಗಳು ಮೇವು ಬಿಟ್ಟು ಹಣ್ಣಾದ, ಅಂದರೆ ಗೂಡು ಕಟ್ಟಲು ಬಲಿತ ದಿನ ರೇಷ್ಮೆ ಮನೆಯಲ್ಲಿ ಗಂಡಸರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಒಂದೊಂದನ್ನೂ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಡಬೇಕು. ತಡವಾದರೆ ಹುಳು ಬಿದ್ದಲ್ಲೇ ನೂಲು ಸುತ್ತಿಕೊಂಡು ಇಡೀ ಬೆಳೆ ಹಾಳು. ಆಳುಗಳು ಓಡಾಡುವುದರಿಂದ ಗೇಟಿಗೆ ಬೀಗ ಬೀಳದ ದಿನವೂ ಅದೊಂದೇ. ಆಳುಗಳ ಅಡುಗೆಗೆಂದು ಪವಿತ್ರ ಒಬ್ಬಳನ್ನೇ ಮನೆಗೆ ಕಳಿಸುತ್ತಾರೆ. ಮನೆಯಿಂದ ಡಾಂಬರು ರಸ್ತೆಯ ಬಸ್ ಸ್ಟಾಪಿಗೆ ತೋಟದೊಳಗಿಂದ ಕಾಲುದಾರಿ. ಅವಳ ಲೆಕ್ಕದಲ್ಲಿ ಹುಳು ಹಣ್ಣಾಗುವುದು ಶನಿವಾರ. ಸಮಯ ಬೆಳಗ್ಗೆ ಹತ್ತು ಗಂಟೆ. ನಾನು ಬಸ್ ಸ್ಟಾಪಿನಲ್ಲಿ ಕಾರಿಟ್ಟುಕೊಂಡು ಕಾಯಬೇಕು, ಗೌರಿಬಿದನೂರಿನವರೆಗೆ ಬಿಡಬೇಕು, ಅಲ್ಲಿಂದ ರೈಲು. ನರ್ಸಿಂಗ್ ಓದುವಾಗಿನ ಗೆಳತಿಯೊಬ್ಬಳು ಒಂದೂರಿನಲ್ಲಿ ಕೆಲಸ, ಕೋಣೆ ಎರಡನ್ನೂ ನೋಡಿಟ್ಟಿದ್ದಳು. ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಎಲ್ಲ ಒಪ್ಪಂದವಾದ ಮೇಲೆ, ಪಾಠದ ಕೊನೆಯ ಸಾಲು ಉಳಿದಿತ್ತು. ಅದನ್ನೂ ಹೇಳಿಕೊಟ್ಟೆ. ಜಪಾನಿನಲ್ಲಿ ಮನೆ ಬಿಟ್ಟು ಹೋಗುವವರು ಅಕ್ಕಪಕ್ಕದವರಿಗೆ, ಮನೆಯ ಯಜಮಾನರಿಗೆ ತಲೆ ಬಾಗಿ ಒಂದು ಮಾತು ಹೇಳುತ್ತಾರೆ. ಒಸೆವಾ ನಿ ನರಿಮಶಿತಾ. ಇಷ್ಟು ದಿನ ನಿಮ್ಮ ಆರೈಕೆಯಲ್ಲಿದ್ದೆ, ನಿಮ್ಮಿಂದ ಉಪಕಾರವಾಯಿತು ಎಂದು.

ಪವಿತ್ರ ಪೆನ್ನು ಕೆಳಗಿಟ್ಟಳು. "ಇದು ಬೇಡ," ಎಂದಳು ಜಪಾನಿಯಲ್ಲಿ. "ಆ ಮನೆಯಲ್ಲಿ ಇದನ್ನು ಯಾರಿಗೆ ಹೇಳಲಿ?"

ಮೂಲೆಯಲ್ಲಿ ಮುದುಕರು ಕೆಮ್ಮಿ, ಮಗ್ಗುಲು ಬದಲಿಸಿ ಕೂತರು.

ಶನಿವಾರಕ್ಕೆ ಐದು ದಿನವಿತ್ತು. ಆ ಸೋಮವಾರ ಮೆಟ್ಟಿಲ ಮೇಲೆ ಮೂರು ಜೊತೆ ಹೆಜ್ಜೆ ಕೇಳಿಸಿತು. ಮೊದಲು ಒಳಗೆ ಬಂದವನು ಮುರಳಿಮೋಹನ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ತುಂಬ ನಗು. ಎಲ್ಲರೂ ಒಳ್ಳೆಯವನು ಎನ್ನುವಂಥ ಮುಖ ಅವನದು.

"ಕ್ಲಾಸ್ ಹೆಂಗೆ ನಡೀತದೆ ನೋಡಣ ಅಂತ ಬಂದೆ ಮೇಡಂ," ಎಂದ. ಬೋರ್ಡಿನ ಮುಂದೆ ನಿಂತು ಮೊಬೈಲ್ ಎತ್ತಿ ಹಿಡಿದ. ಹಿಂದಿನ ಪಾಠದ ಎರಡು ಸಾಲು ಅಲ್ಲಿ ಹಾಗೇ ಇದ್ದವು. ನನ್ನ ಸೋಮಾರಿತನಕ್ಕೆ ಬೆಂಕಿ ಬೀಳಲಿ, ನಾನು ಒರೆಸಿರಲಿಲ್ಲ. ಅವನ ಮೊಬೈಲು ಫೋಟೋ ತೆಗೆದು ತರ್ಜುಮೆಯನ್ನೂ ಮಾಡಿತು.

"ಮನೆ ಖಾಲಿ ಮಾಡೋದು ಅಂತ ತೋರಿಸ್ತಾ ಇದೆ," ಎಂದ ನಗುತ್ತಲೇ. "ಯಾರು ಮೇಡಂ ಮನೆ ಖಾಲಿ ಮಾಡ್ತಿರೋದು?"

"ತನಕಾ ಅಂತ," ಎಂದೆ. "ಪುಸ್ತಕದಲ್ಲಿ ಬರ್ತಾರೆ." ಪುಸ್ತಕ ತೆರೆದು ತೋರಿಸಿದೆ. ಪುಟ ತಿರುವುವಾಗ ನನ್ನ ಬೆರಳು ಕಾಗದಕ್ಕೆ ಅಂಟುತ್ತಿತ್ತು.

ಅವನು ಪುಸ್ತಕ ನೋಡಲಿಲ್ಲ. ಹೆಂಡತಿಯ ಮೇಜಿನ ಪಕ್ಕ ನಿಂತು, ಅವಳ ಆ ಎರಡು ಸೊಟ್ಟ ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ತೆಗೆದುಕೊಂಡ. ನೋಡಿದವರಿಗೆ ಅಕ್ಕರೆಯಿಂದ ಕೈ ಹಿಡಿದ ಹಾಗೆ ಇತ್ತು. ಅವಳ ಕುತ್ತಿಗೆಯ ನರ ಎದ್ದು ನಿಂತಿತು, ಬಾಯಿಂದ ಸದ್ದು ಬರಲಿಲ್ಲ. ಅವನು ಕೈ ಬಿಡದೆ ಮೂಲೆಯ ಕಡೆ ತಿರುಗಿದ.

"ಅಪ್ಪಾ, ದಿನಾ ಏನ್ ಮಾತಾಡ್ತಾರೆ ಇವ್ರಿಬ್ರು?"

ಮುದುಕರು ನಿದ್ದೆಯಿಂದ ಎದ್ದವರಂತೆ ಕಣ್ಣುಜ್ಜಿಕೊಂಡರು. "ನಂಗೇನ್ ತಿಳೀತದೋ. ಕೋಳಿ ಕೊಕ್ಕೊಕ್ ಅಂದಂಗಿರ್ತದೆ. ಒಳ್ಳೆ ನಿದ್ದೆ ಬರ್ತದೆ."

ಮುರಳಿಮೋಹನ್ ಇನ್ನೊಂದು ಮೊಬೈಲ್ ತೆಗೆದು ಅಪ್ಪನ ಅಂಗಿಯ ಜೇಬಿಗೆ ಹಾಕಿದ. "ಗುರುವಾರದಿಂದ ಇದರಲ್ಲಿ ರೆಕಾರ್ಡ್ ಆಗ್ತದೆ. ರಾತ್ರಿ ಕೂತು ಕೇಳ್ತೀನಿ ಮೇಡಂ, ನಾನೂ ಒಂದೆರಡು ಮಾತು ಕಲಿಯಣ ಅಂತ." ಬಾಗಿಲ ಬಳಿ ನಿಂತು ಮತ್ತೆ ತಿರುಗಿದ. "ಗೂಡು ಮಾರ್ಕೆಟ್ಟಿಗೆ ಹೋಗ್ಲಿ. ಆಮೇಲೆ ಇವಳ ಜಪಾನ್ ನಾನೇ ನೋಡ್ಕೋತೀನಿ."

ಅವನು ಹೋದ ಮೇಲೂ ಕೋಣೆಯಲ್ಲಿ ಅವನ ಸೆಂಟಿನ ವಾಸನೆ ಉಳಿದಿತ್ತು. ಪವಿತ್ರ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಆ ದಿನ ನಾವಿಬ್ಬರೂ ಒಂದರಿಂದ ನೂರರವರೆಗೆ ಎಣಿಸಿದೆವು, ಬೇರೆ ಏನನ್ನೂ ಮಾತಾಡಲಿಲ್ಲ.

ಗುರುವಾರ ಜೇಬಿನೊಳಗೆ ಮೊಬೈಲ್ ದೀಪ ಮಿನುಗುತ್ತಿತ್ತು. ನಾನು ಹಣ್ಣು ತರಕಾರಿಗಳ ಹೆಸರು ಹೇಳಿಕೊಟ್ಟೆ. ಅವಳನ್ನು ನಾನು ಕೇಳಬೇಕಾದದ್ದು ಒಂದೇ ಇತ್ತು, ಶನಿವಾರ ಖಚಿತವೇ ಎಂದು. ಅದನ್ನು ಕೇಳುವ ಭಾಷೆ ಯಾವುದೂ ನಮ್ಮಲ್ಲಿ ಉಳಿದಿರಲಿಲ್ಲ. ಪಾಠದ ನಡುವೆ ಮುದುಕರು ನಾಲ್ಕು ತಿಂಗಳಲ್ಲಿ ಮೊದಲ ಸಲ ತಾವಾಗಿ ನನ್ನ ಜೊತೆ ಮಾತು ತೆಗೆದರು.

"ಈ ಸಲ ಹುಳ ತಡ ಕಣಮ್ಮ," ಎಂದರು. "ಚಳೀಗೆ ಕೊನೇ ಜ್ವರ ಒಂದು ದಿನ ಜಾಸ್ತಿ ಕೂತ್ಬಿಟ್ವು. ಭಾನುವಾರ ಹಣ್ಣಾಗ್ತವೆ. ಒಳ್ಳೇದೇ ಆಯ್ತು, ಭಾನುವಾರ ನನ್ ಹೆಣ್ಮಕ್ಳು, ಅಳಿಯಂದ್ರು ಎಲ್ಲ ಬರ್ತಾರೆ ಕೆಲ್ಸಕ್ಕೆ."

ಹುಳು ಪೊರೆ ಬಿಡುವ ಮುನ್ನ ಮೇವು ತಿನ್ನದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅದೊಂದು ದಿನದ ಜ್ವರ ಪವಿತ್ರಳ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಶನಿವಾರ ಮುರಳಿಮೋಹನ್ ಬಿಡುವಾಗಿರುತ್ತಾನೆ, ಗೇಟಿಗೆ ಬೀಗ ಇರುತ್ತದೆ. ಭಾನುವಾರ ಅಡುಗೆಮನೆಯ ತುಂಬ ನಾದಿನಿಯರು. ಅದರ ಮರುದಿನದಿಂದ ಬೆಳೆ ಮುಗಿದ ಹಾಗೆ. ಅವಳು ತಲೆ ಬಗ್ಗಿಸಿ ಬದನೆಕಾಯಿಗೆ ಜಪಾನಿಯಲ್ಲಿ ಏನನ್ನುತ್ತಾರೋ ಅದನ್ನೇ ಐದು ಸಲ ಬರೆದಳು. ಹಾಳೆಯ ಮೇಲೆ ನೀರು ಬಿದ್ದು ಶಾಯಿ ಹರಡಿತು.

ಪಾಠ ಮುಗಿದು ಅವಳು ಮೆಟ್ಟಿಲಿಳಿದಳು. ಮುದುಕರು ಮಂಡಿ ಹಿಡಿದುಕೊಂಡು ನಿಧಾನ ಎದ್ದರು. ಜೇಬಿನಿಂದ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟು, "ಇದನ್ನ ಆಫ್ ಮಾಡಿಕೊಡಮ್ಮ," ಎಂದರು. ಮಾಡಿಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಪರದೆ ಕಪ್ಪಾಗಿದೆಯೇ ಎಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸ್ಪಷ್ಟವಾಗಿ, ಜಪಾನಿಯಲ್ಲಿ ಹೇಳಿದರು.

"ಶನಿವಾರ. ಹತ್ತು ಗಂಟೆ."

ಗೋಡೆಗೆ ಒರಗಿಕೊಂಡೆ. ಬಸ್ ಸ್ಟಾಪು, ಕಾರು, ಗೌರಿಬಿದನೂರು, ಹೊಂಡ, ಒಸು, ಎಲ್ಲವನ್ನೂ ಈ ಮನುಷ್ಯ ಮೂರು ಮೊಳ ದೂರದಲ್ಲಿ ಕೂತು ಕೇಳಿದ್ದ.

"ನಮ್ಮನೇಲಿ ಎರಡು ವರ್ಷ ಇದ್ದ ಒಬ್ಬ ಜಪಾನಿನೋನು," ಎಂದರು ಕನ್ನಡದಲ್ಲಿ. "ಮೂವತ್ತು ವರ್ಷದ ಹಿಂದೆ. ನಮ್ಗೆ ಹೊಸ ತಳಿ ಹುಳ ಸಾಕೋದು ಕಲ್ಸಕ್ಕೆ ಬಂದಿದ್ದ. ನನ್ ಸ್ಕೂಟರ್ ಹಿಂದೆ ಕೂತು ಊರೂರು ಸುತ್ತಿದ. ನೀವಿಬ್ರೂ ನನ್ನ ಕುರ್ಚಿ ಅನ್ಕೊಂಡ್ರಿ." ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿದು ಹೋದರು. ಕೆಳಗೆ "ಪದಮ್ಮಾ" ಎಂದದ್ದು ಕೇಳಿಸಿತು, ಟಿವಿಎಸ್ ಸ್ಟಾರ್ಟ್ ಆಯಿತು.

ರೇಷ್ಮೆ ಕಲಿಸಲು ಜಪಾನಿನವರು ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಬರುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಇದೇ ಊರಿನವಳು ನಾನು. ಹಳ್ಳಿಯ ಮುದುಕನಿಗೆ ಜಪಾನಿ ಬರುವುದುಂಟೇ ಎಂದುಕೊಂಡೆನಲ್ಲ, ಆ ಕೊಬ್ಬಿಗೆ ಏನು ಹೇಳುವುದು.

ಆ ಎರಡು ದಿನದ ಹೆದರಿಕೆಯನ್ನು ಯಾವ ಶತ್ರುವಿಗೂ ಬಯಸುವುದಿಲ್ಲ. ಹುಳು ಭಾನುವಾರ ಹಣ್ಣಾಗುತ್ತವೆ ಎಂದು ರೆಕಾರ್ಡಿಗೆ ಹೇಳಿದವರೂ ಅವರೇ, ರೆಕಾರ್ಡ್ ಆಫ್ ಮಾಡಿಸಿ ಶನಿವಾರ ಎಂದವರೂ ಅವರೇ. ಯಾವುದನ್ನು ನಂಬುವುದು? ಶನಿವಾರ ಬಾ ಎಂದರೋ, ನಿಮ್ಮ ಶನಿವಾರ ನನಗೆ ಗೊತ್ತು ಎಂದರೋ? ಅವನ ಅಪ್ಪನಲ್ಲವೇ. ನಾನು ಕಾರು ನಿಲ್ಲಿಸಿದ ಜಾಗಕ್ಕೆ ಮುರಳಿಮೋಹನ್ ಅದೇ ಬಿಳಿ ಅಂಗಿಯಲ್ಲಿ ನಗುತ್ತ ಬಂದರೆ? ಅಷ್ಟರೊಳಗೆ ಅವಳನ್ನು ಹೊಂಡಕ್ಕೆ ಹಾಕಿಯೇ ಬಂದಿದ್ದರೆ? ಅವಳಿಗೆ ಫೋನ್ ಮಾಡುವಂತಿಲ್ಲ, ಅವಳ ಫೋನು ಅವನ ಕೈಯಲ್ಲಿ. ಶುಕ್ರವಾರ ಮೂರು ಸಲ ನಿರ್ಧಾರ ಮಾಡಿದೆ, ಹೋಗುವುದಿಲ್ಲ ಎಂದು. ಹೋಗದಿದ್ದರೆ ಅವಳು ರಸ್ತೆಯಲ್ಲಿ ಒಬ್ಬಳೇ ನಿಂತಿರುವುದು ಕಣ್ಣ ಮುಂದೆ ಬರುತ್ತಿತ್ತು. ನೀವು ಬರದಿದ್ದರೆ ಸಾಯುತ್ತೇನೆ ಎಂದಿದ್ದಳು, ಆ ಕ್ರಿಯಾಪದವನ್ನು ಕಲಿಸಿದವಳು ನಾನೇ.

ಶನಿವಾರ ಒಂಬತ್ತೂ ಮುಕ್ಕಾಲಿಗೆ ಬಸ್ ಸ್ಟಾಪಿನ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿದೆ. ಎಂಜಿನ್ ಆಫ್ ಮಾಡಲಿಲ್ಲ. ನಾಲ್ಕೂ ಬಾಗಿಲಿಗೆ ಲಾಕ್ ಹಾಕಿಕೊಂಡೆ. ಹತ್ತಾಯಿತು. ಒಂದು ಬಸ್ಸು ಬಂದು ಹೋಯಿತು. ಹತ್ತೂ ಹತ್ತು. ತೋಟದ ಕಡೆಯಿಂದ ಬೈಕಿನ ಸದ್ದು ಬಂತು. ಸೀಟಿನಲ್ಲಿ ಕೆಳಗೆ ಜಾರಿ ಕೂತೆ. ಯಾರೋ ಹಾಲಿನ ಕ್ಯಾನಿನವನು, ನನ್ನ ಕಡೆ ಒಮ್ಮೆ ನೋಡಿ ಮುಂದೆ ಹೋದ. ಅವನು ಮುರಳಿಮೋಹನನಿಗೆ ಹೇಳಲು ಹೋದನೆಂದೇ ನನಗನ್ನಿಸಿತು. ಹತ್ತೂಕಾಲಿಗೆ ಗೇರು ಹಾಕಿದೆ. ಇನ್ನೊಂದು ನಿಮಿಷ ಎಂದುಕೊಂಡು ಮತ್ತೆ ತೆಗೆದೆ.

ಕಾಲುದಾರಿಯಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಮಂಕರಿ ಹೊತ್ತು ಬರುತ್ತಿದ್ದಳು. ಹುಳು ಮನೆಯ ಕಸ, ತಿಂದುಬಿಟ್ಟ ಕಡ್ಡಿ, ಹಿಕ್ಕೆ, ತಿಪ್ಪೆಗೆ ಹಾಕಲು ಒಯ್ಯುವಂಥದ್ದು. ಅಂಥ ಹೆಂಗಸರನ್ನು ಈ ಕಡೆ ಯಾರೂ ತಿರುಗಿ ನೋಡುವುದಿಲ್ಲ, ನಾನೂ ನೋಡಲಿಲ್ಲ. ಅವಳು ಕಾರಿನ ಕಿಟಕಿ ತಟ್ಟಿದಾಗಲೇ ಗೊತ್ತಾದದ್ದು. ಪವಿತ್ರ.

ಅವಳು ಮಂಕರಿಯನ್ನು ನೆಲಕ್ಕೆ ಕವುಚಿ, ಕಸದ ಅಡಿಯಿಂದ ಪ್ಲಾಸ್ಟಿಕ್ ಕವರೊಂದನ್ನು ಎತ್ತಿಕೊಂಡು ಒಳಗೆ ಕೂತಳು. ನಾನು ಹಿಂದೆ ಮುಂದೆ ನೋಡದೆ ಗಾಡಿ ಓಡಿಸಿದೆ. ಶಿಡ್ಲಘಟ್ಟ ದಾಟುವವರೆಗೆ ಪ್ರತಿ ಬೈಕಿನ ಸದ್ದಿಗೂ ಅವಳು ತಲೆಯನ್ನು ಮಂಡಿಗೆ ತಾಗುವಷ್ಟು ಬಗ್ಗಿಸುತ್ತಿದ್ದಳು. ಚಿಕ್ಕಬಳ್ಳಾಪುರವೂ ಹಿಂದಾಗಿ ಗೌರಿಬಿದನೂರಿನ ರಸ್ತೆ ಹಿಡಿದ ಮೇಲೆ ಅವಳು ಬಾಯಿ ಬಿಟ್ಟಳು.

"ರಾತ್ರಿ ಮಾವ ಕೊನೇ ಸೊಪ್ಪಿಗೆ ಹಣ್ಣು ಮಾಡೋ ಔಷಧಿ ಚಿಮುಕಿಸಿಬಿಟ್ಟವ್ರೆ ಮೇಡಂ, ಯಾರಿಗೂ ಹೇಳ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಎಲ್ಲ ಹುಳ ಒಟ್ಟಿಗೆ ಹಣ್ಣು. ಎಷ್ಟೋ ಇನ್ನೂ ಬಲಿತೇ ಇರ್ಲಿಲ್ಲ, ಗೂಡು ತೆಳ್ಳಗಾಗ್ತದೆ. ಆಳು ಸಾಲ್ದು ಅಂತ ಇವ್ರು ಕಿರುಚಾಡ್ತಾ ಇದ್ರು, ಎರಡು ಕೈಯಲ್ಲೂ ಹುಳ. ಆಗ ಮಾವ, ಅಡುಗೆ ಆಗ್ಬೇಕು ಹೋಗಮ್ಮ, ಹಂಗೇ ಈ ಕಸ ತಿಪ್ಪೆಗೆ ಹಾಕ್ಬಿಡು ಅಂತ ಮಂಕರಿ ನನ್ ತಲೆ ಮೇಲಿಟ್ರು. ತೋಟದ ಬೇಲಿ ತಂಕ ಹಿಂದೇನೇ ಬಂದ್ರು."

ಪ್ಲಾಸ್ಟಿಕ್ ಕವರಿನಲ್ಲಿ ಅವಳ ಮಾರ್ಕ್ಸ್ ಕಾರ್ಡುಗಳು, ನರ್ಸಿಂಗ್ ಸರ್ಟಿಫಿಕೇಟು, ಆಧಾರ್ ಇದ್ದವು. ಗಂಡನ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದವು. ಬೀಗದ ಕೈ ಮುದುಕರು ಯಾವಾಗ ತೆಗೆದು ಇವನ್ನು ಮಂಕರಿಯೊಳಗೆ ಇಟ್ಟರೋ ಅವಳಿಗೂ ತಿಳಿಯದು.

"ಬೇಲಿ ಹತ್ರ ಏನಂದ್ರು?" ಎಂದು ಕೇಳಿದೆ.

"ಜಪಾನೀಲಿ ಮಾತಾಡಿದ್ರು ಮೇಡಂ. ಬೇಗ ಹೋಗು ಅಂದ್ರು. ಇಷ್ಟು ದಿನ ಎಲ್ಲ ಕೇಳಿಸ್ಕೊಂಡಿದಾರೆ ಅಂತ ಆಗ ಗೊತ್ತಾಗಿದ್ದು." ಅವಳು ಕವರನ್ನು ಎದೆಗೆ ಒತ್ತಿಕೊಂಡಳು. "ಅವತ್ತು ಬೇಡ ಅಂದಿದ್ನಲ್ಲ, ಒಸೆವಾ ನಿ ನರಿಮಶಿತಾ, ಅದನ್ನ ಹೇಳ್ದೆ ಅವ್ರಿಗೆ. ತಲೆ ಮೇಲೆ ಮಂಕರಿ ಇತ್ತು, ಬಗ್ಗಕ್ಕಾಗ್ಲಿಲ್ಲ. ಹಂಗೇ ನಿಂತು ಹೇಳ್ದೆ. ಅವ್ರು ಏನೂ ಅನ್ಲಿಲ್ಲ ಮೇಡಂ. ಬಾಯಿ ತೆರೆದ್ರು, ಏನೂ ಬರ್ಲಿಲ್ಲ."

ಆಮೇಲೆ ಅತ್ತಳು. ನನಗೂ ಅಳು ಬಂತು, ಆದರೆ ಗಾಡಿ ಓಡಿಸಬೇಕಿತ್ತು. ಗೌರಿಬಿದನೂರಿನಲ್ಲಿ ರೈಲು ಹೊರಡುವವರೆಗೂ ಪ್ಲಾಟ್‌ಫಾರ್ಮಿನ ಕಂಬದ ಹಿಂದೆ ನಿಂತಿದ್ದೆ.

ಸೋಮವಾರ ಕ್ಲಾಸು ತೆರೆಯಬಾರದು ಎಂದುಕೊಂಡೆ. ತೆರೆಯದಿದ್ದರೆ ಅನುಮಾನ ಬಂದೇ ಬರುತ್ತದೆ ಎಂದು ತೆರೆದೆ. ಹನ್ನೊಂದಕ್ಕೆ ಕೆಳಗೆ ಟಿವಿಎಸ್ ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ಹೆಜ್ಜೆ. ನಾನು ಬಾಗಿಲ ಹಿಂದೆ ಸರಿದು, ಕೈಗೆ ಸಿಕ್ಕ ಮರದ ಡಸ್ಟರನ್ನು ಎತ್ತಿ ಹಿಡಿದೆ. ಒಳಗೆ ಬಂದವರು ಮುನಿವೆಂಕಟಪ್ಪ, ಒಬ್ಬರೇ. ಎಡಗಿವಿಯ ಸುತ್ತ ಮುಖ ಊದಿ ಕಪ್ಪಾಗಿತ್ತು, ಆ ಕಡೆಯ ಕಣ್ಣು ಅರ್ಧ ಮುಚ್ಚಿತ್ತು. ತಮ್ಮ ಕುರ್ಚಿಯಲ್ಲಿ ಹೋಗಿ ಕೂತರು.

"ಅವ್ನು ಬೆಂಗ್ಳೂರಿಗೆ ಹುಡುಕ್ಕೊಂಡು ಹೋಗವ್ನೆ," ಎಂದರು. "ಚಿಂತಾಮಣಿ ಆಯ್ತು, ಈಗ ಬೆಂಗ್ಳೂರು. ನಿಮ್ಮ ಹತ್ರಾನೂ ಬರ್ತಾನೆ. ಶನಿವಾರ ನೀವು ಇಲ್ಲೇ ಹುಡುಗ್ರಿಗೆ ಪಾಠ ಮಾಡ್ತೀರಿ ಅಂತ ಹೇಳಿದೀನಿ. ಕ್ಲಾಸಲ್ಲಿ ಏನ್ ಮಾತಾಡಿದ್ರು ಅಂತ ಕೇಳ್ದ. ನಿದ್ದೆ ಮಾಡ್ತಿದ್ದೆ ಅಂದೆ."

"ಯಜಮಾನ್ರೆ, ನೀವು ಮೊದಲೇ ಯಾಕೆ ಒಂದು ಮಾತು ಹೇಳ್ಲಿಲ್ಲ?" ಎಂದೆ. ನನ್ನ ದನಿ ಏರಿತ್ತು. "ಎರಡು ದಿನ ನಾನು ಸತ್ತು ಬದುಕಿದೆ."

"ಭಯ ಕಣಮ್ಮ," ಎಂದರು. "ನಾನೇ ಹೆತ್ತೋನು, ಆದ್ರೂ ಅವ್ನನ್ನ ಕಂಡ್ರೆ ನಂಗೂ ಭಯ. ಹುಳ ಊಟ ಬಿಡೋ ದಿನ ಅಂದ್ಳಲ್ಲ, ಅವತ್ತೇ ಎಲ್ಲ ತಿಳೀತು. ಕೈ ಕಾಲು ಆಡ್ಲಿಲ್ಲ."

ಅವಳು ಕ್ಷೇಮವಾಗಿ ತಲುಪಿದ್ದಾಳೆ ಎಂದೆ. ಊರಿನ ಹೆಸರು ಹೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ಬೇಡ. ಅವ್ನು ಮತ್ತೆ ಹೊಡ್ದಾಗ ಎಲ್ಲಿ ಹೇಳ್ಬಿಡ್ತೀನೋ. ನಂಗೆ ಗೊತ್ತಾಗೋದು ಬೇಡ."

ಟವಲಿನ ಅಂಚನ್ನು ಮಡಿಸಿದರು. ನಂತರ ಬಂದ ಕೆಲಸ ಹೇಳಿದರು.

"ಆ ಜಪಾನಿನೋನು ಊರಿಗೆ ಹೊರಟ ದಿನ ನಮ್ಮ ಹೊಸ್ತಿಲಲ್ಲಿ ನಿಂತು ಬಗ್ಗಿ ಅದೇ ಮಾತು ಹೇಳ್ದ. ಒಸೆವಾ ಅಂತ. ಅದಕ್ಕೆ ತಿರುಗಿ ಏನ್ ಹೇಳ್ಬೇಕೋ ನಂಗೆ ತಿಳೀಲಿಲ್ಲ, ಸುಮ್ನೆ ನಿಂತ್ಬಿಟ್ಟೆ. ಮೊನ್ನೆ ಬೇಲಿ ಹತ್ರ ಈ ಮಗೂನೂ ಅದೇ ಹೇಳಿದ್ಳು. ಆಗ್ಲೂ ಸುಮ್ನೆ ನಿಂತ್ಬಿಟ್ಟೆ. ಹೋಗೋರು ಹೇಳೋದು ನೀವು ಕಲಿಸಿದ್ರಿ. ಮನೇಲಿ ಉಳ್ಕೊಳ್ಳೋನು ಏನ್ ಹೇಳ್ಬೇಕಮ್ಮ?"

ಪುಸ್ತಕದ ಆ ಪಾಠದಲ್ಲಿ ಅದು ಇಲ್ಲ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿಯೂ ಇರಲಿಲ್ಲ. ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದೆ. ಒಗೆಂಕಿ ದೆ. ಚೆನ್ನಾಗಿರು ಎಂದು ಅರ್ಥ.

ಅವರು ಎದ್ದು ಬೋರ್ಡಿನ ಹತ್ತಿರ ಹೋಗಿ, ಒಂದು ಕಣ್ಣಿನಿಂದ ಓದಿದರು. ಮೊದಲ ಸಲ ಊದಿದ ತುಟಿಗೆ ಉಚ್ಚಾರಣೆ ಸಿಗಲಿಲ್ಲ. ಎರಡನೇ ಸಲ ಸರಿಯಾಗಿ ಬಂತು. ಮೂರನೇ ಸಲ ಕಿಟಕಿಯ ಕಡೆ ತಿರುಗಿ, ಅವಳು ಯಾವ ದಿಕ್ಕಿನಲ್ಲಿದ್ದಾಳೆಂದು ಗೊತ್ತಿಲ್ಲದೆಯೇ, ಸ್ವಲ್ಪ ಬಗ್ಗಿ ಹೇಳಿದರು.

ಆಮೇಲೆ ತಾವೇ ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಒಂದು ಗೆರೆಯೂ ಉಳಿಯದಂತೆ ಒರೆಸಿದರು.

"ಈಗ ಎಲ್ಲಿಗೆ ಹೋಗ್ತೀರಿ?" ಎಂದೆ.

"ಮನೆಗೆ," ಎಂದರು. "ಅವ್ನು ಬರೋದ್ರೊಳಗೆ ಗೂಡು ಬಿಡಿಸಕ್ಕೆ ಆಳು ಗೊತ್ತು ಮಾಡ್ಬೇಕು."